ಹಡಗಿನಿಂದ ಬೆಟ್ಟಕ್ಕೆ

ಕೊಳ್ಳೇಗಾಲದವನೊಬ್ಬ ಹಡಗಿನಲ್ಲಿ ಉದ್ಯೋಗ ಮಾಡುತ್ತಾನೆಂದರೆ ಕೇಳಿದವರಿಗೆ ಸ್ವಲ್ಪ ಸೋಜಿಗವೆನಿಸುವುದು ಸಹಜ. ನಮ್ಮೂರಿಗೆ ಇಂದಿಗೂ ರೈಲೇ ಬಂದಿಲ್ಲ, ಹಡಗೆಲ್ಲಿಂದ ಬಂದೀತು? ನೀರೆಂದರೆ ನಮಗೆ ಕಾವೇರಿ. ಆಕೆಯೂ ಊರೊಳಗೆ ಬಾರದೆ ಸತ್ತೇಗಾಲದ ಮಗ್ಗುಲಲ್ಲಿ ಹಾಯ್ದು, ಶಿವನಸಮುದ್ರದಲ್ಲಿ ಧುಮುಕಿ, ತನ್ನ ಪಾಡಿಗೆ ತಾನು ತಮಿಳುನಾಡಿನ ಕಡೆಗೆ ಹೊರಟುಹೋಗುತ್ತಾಳೆ. ಆ ಹೆಸರಿನಲ್ಲಿರುವ ಸಮುದ್ರವೇ ನಮ್ಮ ಪಾಲಿನ ಸಮುದ್ರ.

ರಜೆಯಲ್ಲಿ ಊರಿಗೆ ಬಂದಾಗಲೆಲ್ಲ ನನ್ನನ್ನು ಕಾಣಬಂದವರು ಮೂರೇ ಪ್ರಶ್ನೆಗಳನ್ನು ಕೇಳುತ್ತಾರೆ. ಅಲ್ಲಿ ಊಟಕ್ಕೇನು ಮಾಡುತ್ತೀರಿ? ಬಿರುಗಾಳಿ ಬಂದರೆ ಭಯವಾಗುವುದಿಲ್ಲವೇ? ಸಂಬಳವೆಷ್ಟು? ಮೊದಲನೆಯದಕ್ಕೆ ಅನ್ನ, ಸಾರು ಎಂದರೆ ಅವರಿಗೆ ನಿರಾಶೆಯಾಗುತ್ತದೆ. ಎರಡನೆಯದಕ್ಕೆ ಆಗುತ್ತದೆಂದರೆ ಸಂತೋಷವಾಗುತ್ತದೆ. ಮೂರನೆಯದಕ್ಕೆ ನಾನು ಏನು ಹೇಳಿದರೂ ನಂಬುವುದಿಲ್ಲ. ನಾಲ್ಕನೆಯ ಪ್ರಶ್ನೆಯನ್ನು ಕೇಳುವವಳು ನಮ್ಮಜ್ಜಿ ಒಬ್ಬಳೇ. ಚಪ್ಪಲಿ ಬಿಡುವ ಮೊದಲೇ ಕೇಳುತ್ತಾಳೆ: "ಎಷ್ಟ್ ದಿನ ಇದ್ದೀಯ ಮಗ?"

2024ರ ಅಕ್ಟೋಬರಿನಲ್ಲಿ ನಾನು ಕೊಟ್ಟ ಉತ್ತರ: "ಇಪ್ಪತ್ತೆರಡು ದಿನ, ಅಜ್ಜಿ."

ಈ ಲೆಕ್ಕ ಹೇಗೆ ಬರುತ್ತದೆಂಬುದನ್ನು ಹೇಳದಿದ್ದರೆ ಓದುಗರಿಗೆ ನಮ್ಮ ಮನೆಯವರ ಪಾಡು ಅರ್ಥವಾಗಲಾರದು. ನಾನು ಸರಕು ಸಾಗಿಸುವ ಹಡಗುಗಳಲ್ಲಿ ವಿದ್ಯುತ್ತಿನ ವಿಭಾಗ ನೋಡಿಕೊಳ್ಳುವವನು. ಒಪ್ಪಂದವೆಂದರೆ ಸಾಮಾನ್ಯವಾಗಿ ಆರು ತಿಂಗಳು. ಆದರೆ ಒಪ್ಪಂದ ಮುಗಿಯುವ ದಿನವೂ, ನನ್ನ ಜಾಗಕ್ಕೆ ಬರುವವನು ಬಂದು ಹಡಗು ಹತ್ತುವ ದಿನವೂ, ಹಡಗು ಇಳಿಯಲು ಅನುಕೂಲವಾದ ಬಂದರನ್ನು ಮುಟ್ಟುವ ದಿನವೂ ಒಂದೇ ಆಗುವುದು ಅಪರೂಪ. ಆ ಸಲ ಜನವರಿಯಲ್ಲಿ ಹತ್ತಿದ್ದೆ. 2023ರ ನವೆಂಬರಿನಿಂದ ಕೆಂಪು ಸಮುದ್ರದಲ್ಲಿ ಸರಕಿನ ಹಡಗುಗಳ ಮೇಲೆ ದಾಳಿಗಳು ಮೊದಲಾಗಿದ್ದವಷ್ಟೆ. ಸೂಯೆಜ್ ಕಾಲುವೆಯ ಹತ್ತಿರದ ದಾರಿ ಬಿಟ್ಟು ಆಫ್ರಿಕದ ತುದಿಯ ಗುಡ್‌ಹೋಪ್ ಭೂಶಿರವನ್ನು ಬಳಸಿ ಬರಬೇಕಾಯಿತು. ಒಂದೊಂದು ಯಾನಕ್ಕೂ ಹತ್ತು ಹನ್ನೆರಡು ದಿನ ಹೆಚ್ಚು. ಜುಲೈಗೆ ಮುಗಿಯಬೇಕಾದ ಸರದಿ ಅಕ್ಟೋಬರಿಗೆ ಮುಗಿಯಿತು. ಸಿಂಗಪುರದಲ್ಲಿ ಇಳಿಸಿದವರು, ಇನ್ನೊಂದು ಹಡಗಿನಲ್ಲಿ ಜಾಗ ತೆರವಾಗುತ್ತಿದೆ, ಇಪ್ಪತ್ತೆರಡು ದಿನಗಳಲ್ಲಿ ಬರಬೇಕೆಂದೂ ಹೇಳಿ ಕಳುಹಿಸಿದರು.

ಇದಕ್ಕಿಂತ ಕಷ್ಟದ ಕಾಲವನ್ನೂ ನಮ್ಮ ಮನೆ ಕಂಡಿತ್ತು. 2019ರ ನವೆಂಬರಿನಲ್ಲಿ ಹೊರಟವನು ಕೋವಿಡ್ಡಿನಿಂದಾಗಿ ಮನೆ ಮುಟ್ಟಿದ್ದು 2021ರ ಜನವರಿಯಲ್ಲಿ. ಹದಿನಾಲ್ಕು ತಿಂಗಳು. ಯಾವ ದೇಶವೂ ನಮ್ಮನ್ನು ದಡಕ್ಕೆ ಇಳಿಸಿಕೊಳ್ಳಲು ಒಪ್ಪುತ್ತಿರಲಿಲ್ಲ. 2020ರ ಕೊನೆಯ ಹೊತ್ತಿಗೆ ಒಪ್ಪಂದ ಮುಗಿದೂ ಹಡಗಿನಲ್ಲೇ ಉಳಿದ ನಾವಿಕರು ಜಗತ್ತಿನಲ್ಲಿ ಸುಮಾರು 4 ಲಕ್ಷ ಮಂದಿಯೆಂದು ಅಂತರರಾಷ್ಟ್ರೀಯ ಸಾಗರ ಸಂಸ್ಥೆಯವರು ಅಂದಾಜು ಮಾಡಿದ್ದರು. ಆ 4 ಲಕ್ಷದಲ್ಲಿ ನಾನೂ ಒಬ್ಬ. ನಮ್ಮ ಮಗಳು ಹುಟ್ಟಿದ್ದು ಆ ವರ್ಷದ ಜೂನಿನಲ್ಲಿ. ನಾನು ಅವಳನ್ನು ಮೊದಲ ಸಲ ಎತ್ತಿಕೊಂಡಾಗ ಅವಳಿಗೆ ಏಳು ತಿಂಗಳು ತುಂಬಿತ್ತು. ಅಪರಿಚಿತನ ಕೈಗೆ ಬಂದೆನೆಂದು ಊರಿಗೆಲ್ಲ ಕೇಳುವಂತೆ ಅತ್ತಳು.

ಈಗ ಪುಟ್ಟಿಗೆ ನಾಲ್ಕು ವರ್ಷ. ಅಳುವುದಿಲ್ಲ, ಬಹಳ ಮರ್ಯಾದೆಯಿಂದ ನಡೆದುಕೊಳ್ಳುತ್ತಾಳೆ. ನಾನು ಬಂದ ದಿನ ಬಾಗಿಲ ಸಂದಿನಿಂದ ನೋಡಿದಳು, ತಂದ ಗೊಂಬೆಯನ್ನು ಇಸಿದುಕೊಂಡಳು, ಅವರಮ್ಮ ಹೇಳಿಕೊಟ್ಟಂತೆ ಕೈ ಮುಗಿದಳು. ಸಂಜೆ ಏಳು ಗಂಟೆ ಹೊಡೆಯಿತು. ಅದು ಹಡಗಿನಿಂದ ನಾನು ದಿನವೂ ಮೊಬೈಲಿನಲ್ಲಿ ಮುಖ ತೋರಿಸಿ ಮಾತನಾಡುತ್ತಿದ್ದ ಹೊತ್ತು. ಪುಟ್ಟಿ ಗೂಡಿನಲ್ಲಿದ್ದ ಫೋನನ್ನು ತಂದು, ಜಗಲಿಯಲ್ಲಿ ಕುಳಿತಿದ್ದ ನನ್ನನ್ನು ದಾಟಿಕೊಂಡು ಹೋಗಿ, ಅವಳ ತಾಯಿಯ ಕೈಯಲ್ಲಿಟ್ಟಳು. "ಅಪ್ಪನಿಗೆ ಫೋನ್ ಮಾಡು."

"ಅಪ್ಪ ಇಲ್ಲೇ ಇದಾರಲ್ಲೇ!"

"ಈ ಅಪ್ಪ ಅಲ್ಲ. ಫೋನಿನ ಅಪ್ಪ."

ಮನೆಯವರೆಲ್ಲ ನಕ್ಕರು. ನಾನೂ ನಕ್ಕೆ. ನನ್ನ ಹೆಂಡತಿ ಮಾತ್ರ ನಗದೆ ಒಳಕ್ಕೆ ಹೋದಳು.

ಪ್ರವಾಸದ ಮಾತು ತೆಗೆದವರು ನಮ್ಮಪ್ಪ. ಅವರು ನಿವೃತ್ತ ವಿಜ್ಞಾನದ ಮೇಷ್ಟರು; ಯಾವುದನ್ನೂ ಭಾವುಕತೆಯಿಂದ ಹೇಳುವವರಲ್ಲ. "ಹಿಂದಿನ ರಜೆಯಲ್ಲಿ ನೀನು ಬ್ಯಾಂಕಿಗೆ ಹೋದೆ, ಮಾಡಿನ ಸೋರಿಕೆ ರಿಪೇರಿ ಮಾಡಿಸಿದೆ, ಏಳು ಮದುವೆಗೆ ಹೋಗಿ ಮುಯ್ಯಿ ಮಾಡಿದೆ. ಮನೆಯಲ್ಲಿ ಇದ್ದದ್ದು ನಿದ್ರೆ ಮಾಡುವುದಕ್ಕೆ. ಈ ಸಲ ಎಲ್ಲಿಗಾದರೂ ಹೋಗೋಣ" ಎಂದರು. ದೂರವೇನೂ ಬೇಡವೆಂದು ಎಲ್ಲರೂ ಒಪ್ಪಿದರು. ದೂರ ನನಗೆ ಸಾಕಾಗಿತ್ತು, ಅವರಿಗೆ ಅಭ್ಯಾಸವಿರಲಿಲ್ಲ.

ಹತ್ತಿರದ್ದೆಂದರೆ ಯಾವುದು? ಇಲ್ಲೊಂದು ತಮಾಷೆಯಿದೆ. ಬೆಂಗಳೂರಿನವರು ಶನಿವಾರ ಭಾನುವಾರಗಳಲ್ಲಿ ಕಾರು ಕಟ್ಟಿಕೊಂಡು ಬಂದು ನೋಡಿಹೋಗುವ ಜಾಗಗಳ ನಡುವೆಯೇ ನಾವು ವಾಸವಾಗಿದ್ದೇವೆ. ಒಂದು ಕಡೆ ಬಿಳಿಗಿರಿರಂಗನ ಬೆಟ್ಟ, ಒಂದು ಕಡೆ ಭರಚುಕ್ಕಿ, ಒಂದು ಕಡೆ ಮಲೆ ಮಹದೇಶ್ವರ ಬೆಟ್ಟ. ಮನೆಯವರೆಲ್ಲ ಒಟ್ಟಾಗಿ ಇವುಗಳಲ್ಲಿ ಒಂದಕ್ಕೂ ಹೋಗಿರಲಿಲ್ಲ. ನೆಂಟರಿಗೆ ದಾರಿ ತೋರಿಸುವುದರಲ್ಲೇ ನಮ್ಮ ಆಯುಷ್ಯ ಕಳೆದಿತ್ತು. ತಂಗಿ, ಅವಳ ಯಜಮಾನರು ದಸರಾ ರಜೆಗೆಂದು ಮೈಸೂರಿನಿಂದ ಬಂದಿದ್ದರು. ಬಾಡಿಗೆಗೆ ಒಂದು ವ್ಯಾನನ್ನು ಗೊತ್ತುಮಾಡಿದೆವು. ಆರು ದಿನಗಳ ಏರ್ಪಾಡು.

ಮೊದಲು ಯಳಂದೂರಿಗೆ ಎಂದು ಅಜ್ಜಿ ಹಟ ಹಿಡಿದಳು. ಅದು ಅವಳ ತವರು. ವ್ಯಾನು ಹೊರಟು ಮಾಂಬಳ್ಳಿ ದಾಟುವಷ್ಟರಲ್ಲಿ ಅಜ್ಜಿಗೆ ಮಾತು ಬಂದಿತು. 1955ರಲ್ಲಿ, ಹದಿನೇಳು ವರ್ಷದವಳಾಗಿ, ಮದುವೆಯಾಗಿ ಇದೇ ದಾರಿಯಲ್ಲಿ ಎತ್ತಿನ ಗಾಡಿಯಲ್ಲಿ ಕೊಳ್ಳೇಗಾಲಕ್ಕೆ ಬಂದವಳು ಅವಳು. ಇಂದು ಮೋಟಾರಿನಲ್ಲಿ ಒಂದು ಗಂಟೆಯೂ ಬೇಡದ ದಾರಿ. ಅಂದು ಅದು ರಾಜ್ಯ ದಾಟುವ ಪ್ರಯಾಣ. ಯಳಂದೂರು ಮೈಸೂರಿಗೆ ಸೇರಿದ್ದು. ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ದೊರೆತ ಊರು. ಕೊಳ್ಳೇಗಾಲವೋ, ಮನೆಮಾತು ಕನ್ನಡವಾದರೂ, ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. "ಮಗಳನ್ನ ಪರದೇಶಕ್ಕೆ ಕೊಟ್ಬುಟ್ರು ಅಂತ ನಮ್ಮವ್ವ ಒಂದು ವಾರ ಕೂಳು ಉಣ್ನಿಲ್ಲ ಕಣ" ಎಂದಳು ಅಜ್ಜಿ. ವರ್ಷ ತುಂಬಿ ಸ್ವಲ್ಪ ದಿನಕ್ಕೆ, 1956ರ ನವೆಂಬರ್ 1ರಂದು, ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು. ಅಜ್ಜಿ ಕೂತಲ್ಲಿಂದ ಏಳದೆ ಸ್ವದೇಶಕ್ಕೆ ಬಂದಂತಾಯಿತು. ಮರುವರ್ಷ ಹುಟ್ಟಿದ ನಮ್ಮಪ್ಪನಿಗೆ ಈ ಪರದೇಶದ ಸುದ್ದಿಯೇ ಇಲ್ಲ.

"ಆಮೇಲೆ ಎಷ್ಟು ದಿನಕ್ಕೆ ತವರಿಗೆ ಹೋದಿರಿ?" ಎಂದು ನನ್ನ ಹೆಂಡತಿ ಕೇಳಿದಳು.

"ಎರಡು ವರ್ಷಕ್ಕೆ. ಕರಕೊಂಡ್ ಹೋಗೋರು ಬೇಕಲ್ಲವ್ವ."

ಹತ್ತು ಮೈಲಿಯಷ್ಟರ ದಾರಿಗೆ ಎರಡು ವರ್ಷ! ನಾನು ಕಂಡ ಯಾವ ಸಮುದ್ರವೂ ಅಷ್ಟು ಅಗಲವಾಗಿಲ್ಲ.

ಅಜ್ಜಿಯ ತವರುಮನೆಯ ಜಾಗದಲ್ಲಿ ಈಗ ಸಿಮೆಂಟಿನ ಎರಡು ಅಂತಸ್ತಿನ ಮನೆಯೆದ್ದಿದೆ. ಒಳಗಿದ್ದವರಿಗೆ ನಮ್ಮ ಗುರುತಿಲ್ಲ. ಅಜ್ಜಿ ಅದಕ್ಕಾಗಿ ಕೊರಗಲಿಲ್ಲ. ನೇರವಾಗಿ ಗೌರೀಶ್ವರ ದೇವಾಲಯಕ್ಕೆ ಕರೆದುಕೊಂಡು ಹೋಗಿ ಬಳೆಮಂಟಪವನ್ನು ಪುಟ್ಟಿಗೆ ತೋರಿಸಿದಳು. ಕಲ್ಲಿನಲ್ಲಿ ಕಡೆದ ಬಳೆಗಳ ಸರಪಳಿಯಿಂದಾಗಿ ಆ ದ್ವಾರಮಂಟಪಕ್ಕೆ ಆ ಹೆಸರು. ಬಳೆಯೊಳಗೆ ಬಳೆಯನ್ನು ಯಾರು ಹಾಕಿದರೆಂದು ಪುಟ್ಟಿಗೆ ಹತ್ತು ಸಲ ಹೇಳಬೇಕಾಯಿತು. ಈ ಊರಿನವಳೇ ಸಂಚಿಯ ಹೊನ್ನಮ್ಮ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಹದಿಬದೆಯ ಧರ್ಮ’ವನ್ನು ಬರೆದು ಹೆಂಡತಿಯಾದವಳು ಹೇಗಿರಬೇಕೆಂದು ತಿಳಿಸಿದವಳು. ಒಂಬತ್ತು ತಿಂಗಳು ಮನೆ ಬಿಟ್ಟಿರುವ ಗಂಡನ ಧರ್ಮವೇನೆಂದು ಯಾರಾದರೂ ಬರೆದಿದ್ದಾರೆಯೇ ಎಂದು ನನ್ನ ಹೆಂಡತಿ ಕೇಳಿದಳು. ಅಪ್ಪ ಕನ್ನಡಕವನ್ನು ಒರೆಸಿಕೊಂಡರು.

ಅಲ್ಲಿಂದ ಬಿಳಿಗಿರಿರಂಗನ ಬೆಟ್ಟ. ಗುಂಬಳ್ಳಿಯ ಬಳಿ ಅರಣ್ಯದವರ ತನಿಖೆ. 2011ರಿಂದ ಇದು ಹುಲಿ ಸಂರಕ್ಷಿತ ಪ್ರದೇಶ. ಏರು ಮೊದಲಾದಂತೆ ಮಂಜು ಮುಚ್ಚಿ ಸಣ್ಣ ಸೋನೆ ಹಿಡಿಯಿತು. ಮರಗಳ ಮೇಲೆ ಮರಗಳು. ಒಂಬತ್ತು ತಿಂಗಳು ನೀಲಿಯೊಂದನ್ನೇ ನೋಡಿದ ಕಣ್ಣಿಗೆ ಆ ಹಸಿರು ಹೇಗಿತ್ತೆಂದರೆ, ನಾನು ಯಾರೊಡನೆಯೂ ಮಾತನಾಡದೆ ಕಿಟಕಿಗೆ ಹಣೆ ಹಚ್ಚಿಕೊಂಡು ಕುಳಿತಿದ್ದೆ.

ಬೆಟ್ಟದಲ್ಲಿ ಮೊಬೈಲಿಗೆ ಜೀವ ಹೋಯಿತು. ಸಂಜೆ ಏಳಕ್ಕೆ ಪುಟ್ಟಿ ಫೋನನ್ನು ತಿರುವಿ ಮುರುವಿ ನೋಡಿದಳು. "ಇಲ್ಲಿಗೆ ಫೋನಿನ ಅಪ್ಪ ಬರಲ್ವಾ?" ಬರುವುದಿಲ್ಲವೆಂದು ಅವಳ ತಾಯಿ ಹೇಳಿದಳು. ಪುಟ್ಟಿ ಕೋಣೆಯ ಸುತ್ತ ನೋಡಿ, ಬೇರೆ ಗತಿಯಿಲ್ಲದವಳಂತೆ ನನ್ನ ಬಳಿ ಬಂದು, ಅಂದು ಕಂಡ ಮುಸುವದ ಸುದ್ದಿಯನ್ನು ಹೇಳಿದಳು. ಮುಸುವದ ಬಾಲ ಎಷ್ಟುದ್ದ ಇತ್ತೆಂಬುದನ್ನು ಎರಡೂ ಕೈ ಚಾಚಿ ತೋರಿಸಿದಳು. ನಾನು ಅಲುಗಾಡದೆ ಕೇಳಿದೆ. ಮರಿಹಕ್ಕಿ ಹತ್ತಿರ ಬಂದಾಗ ಯಾರಾದರೂ ಹಾಗೆ ಕೂರುತ್ತಾರೆ.

ಬೆಳಗ್ಗೆ ದೇವಸ್ಥಾನಕ್ಕೆ ಹೋದೆವು. ಅಜ್ಜಿ ಅಳಿಯನ ತೋಳು ಹಿಡಿದು ಮೆಟ್ಟಿಲು ಹತ್ತಿದಳು. ರಂಗಸ್ವಾಮಿಗೆ ಭಕ್ತರು ಒಪ್ಪಿಸುವ ದೊಡ್ಡ ಚರ್ಮದ ಪಾದರಕ್ಷೆಗಳನ್ನು ಕಂಡು ಪುಟ್ಟಿಗೆ ಆಶ್ಚರ್ಯ. ಇಷ್ಟು ದೊಡ್ಡ ಚಪ್ಪಲಿ ಯಾಕೆ? ಅಜ್ಜಿ ವಿವರಿಸಿದಳು: ರಂಗಪ್ಪ ರಾತ್ರಿಯೆಲ್ಲ ಕಾಡು ಸುತ್ತುತ್ತಾನೆ, ಚಪ್ಪಲಿ ಸವೆಯುತ್ತದೆ, ಹೊಸದು ಬೇಕು. ಸೋಲಿಗರ ಹುಡುಗಿ ಕುಸುಮಾಲೆಯನ್ನು ಅವನು ಮೆಚ್ಚಿ ಮದುವೆಯಾದನೆಂದು ಕಥೆ. ಆದುದರಿಂದ ಸೋಲಿಗರು ಈ ದೇವರನ್ನು ಭಾವನೆಂದೇ ಕರೆಯುತ್ತಾರೆ. ದೇವರೊಡನೆ ಇಷ್ಟು ಸಲಿಗೆಯ ನೆಂಟಸ್ತಿಕೆ ನಾನು ಬೇರೆಲ್ಲೂ ಕಂಡಿಲ್ಲ. "ಸುತ್ತಿ ಆದ್ಮೇಲೆ ಮನೆಗೆ ಬರ್ತಾನಾ?" ಎಂದಳು ಪುಟ್ಟಿ. "ಬತ್ತಾನೆ. ಬೆಳಗಾದ್ರೆ ಬಂದೇ ಬತ್ತಾನೆ" ಎಂದಳು ಅಜ್ಜಿ, ನನ್ನ ಕಡೆ ನೋಡದೆ.

ಭರಚುಕ್ಕಿಯ ದಿನವನ್ನು ಹೆಚ್ಚು ಹೇಳುವ ಅಗತ್ಯವಿಲ್ಲ; ಅದನ್ನು ನೋಡದವರು ವಿರಳ. ನೀರು ಚೆನ್ನಾಗಿತ್ತು, ಜನವೂ ಅಷ್ಟೇ ಇತ್ತು. ಅಪ್ಪ ಮಾತ್ರ ಜಲಪಾತಕ್ಕೆ ಬೆನ್ನು ಮಾಡಿ, ಅಳಿಯನಿಗೆ ಶಿವನಸಮುದ್ರದ ವಿದ್ಯುತ್ತಿನ ಪಾಠ ಹೇಳುತ್ತಿದ್ದರು. 1902ರಲ್ಲಿ ಇಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಹೋದದ್ದು ನೂರೈವತ್ತು ಕಿಲೋಮೀಟರಿನಷ್ಟು ದೂರದ ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿಗೆ ಕೂಡ ಅದು ಮುಟ್ಟಿದ್ದು 1905ರಲ್ಲಿ. "ನಮ್ಮ ಕಡೆ ಹುಟ್ಟಿದ್ದೆಲ್ಲ ಹೀಗೆಯೇ. ಮೊದಲು ಹೊರಗೆ ದುಡಿಯುವುದಕ್ಕೆ ಹೋಗುತ್ತದೆ" ಎಂದು ಪಾಠ ಮುಗಿಸಿದರು. ಅವರು ವಿದ್ಯುತ್ತಿನ ವಿಷಯವನ್ನಷ್ಟೇ ಹೇಳಿದರೆಂದು ತಿಳಿದುಕೊಳ್ಳುವುದು ನನಗೆ ಅನುಕೂಲವಾಗಿತ್ತು.

ನಾಲ್ಕನೆಯ ದಿನ ಹನೂರು. ಅಲ್ಲಿ ನಮ್ಮ ಚಿಕ್ಕಮ್ಮನ ಮನೆ. ಆಕೆ ರಾಗಿಮುದ್ದೆ, ಅವರೆಕಾಳಿನ ಸಾರು, ಹುರುಳಿ ಬಸ್ಸಾರು ಎಲ್ಲವನ್ನೂ ಒಂದೇ ಹೊತ್ತಿಗೆ ಮಾಡಿದ್ದಳು. ಹಡಗಿನಲ್ಲಿ ಉಪವಾಸವಿದ್ದು ಬಂದವನಿಗೆ ಉಣಿಸುವಂತೆ ಉಣಿಸಿದಳು. ಹನೂರು ಹೊರನೋಟಕ್ಕೆ ಒಳನಾಡಿನ ಊರಾದರೂ, ದೂರದಿಂದ ಬಂದವರ ಪರಿಚಯ ಅದಕ್ಕಿದೆ. ಸಮೀಪದ ಒಡೆಯರಪಾಳ್ಯದಲ್ಲಿ 1970ರ ದಶಕದಿಂದ ಟಿಬೆಟ್ಟಿನ ನಿರಾಶ್ರಿತರು ನೆಲೆಸಿದ್ದಾರೆ. ಮುಸುಕಿನ ಜೋಳ ಬೆಳೆಯುತ್ತಾರೆ. ಅವರ ಮಕ್ಕಳು ನಮ್ಮ ಕನ್ನಡವನ್ನು ನಮಗಿಂತ ಸ್ಪಷ್ಟವಾಗಿ ಆಡುತ್ತಾರೆಂದು ಚಿಕ್ಕಮ್ಮನಿಗೆ ಹೆಮ್ಮೆ. ಊರಿಗೆ ಹಿಂತಿರುಗುವ ದಿನಾಂಕವೇ ಇಲ್ಲದವರ ಮುಂದೆ ನನ್ನ ಇಪ್ಪತ್ತೆರಡು ದಿನಗಳ ಲೆಕ್ಕ ಎಷ್ಟರದು ಎನಿಸಿತು.

ರಾತ್ರಿ ಊಟವಾದ ಮೇಲೆ ಮಾತು ಹಳೆಯ ಕಾಲಕ್ಕೆ ಹೊರಳಿತು. 1992ರ ಮೇ ತಿಂಗಳಿನಲ್ಲಿ ವೀರಪ್ಪನ್ ಗುಂಪು ರಾಮಾಪುರದ ಪೊಲೀಸ್ ಠಾಣೆಯ ಮೇಲೆ ದಾಳಿ ಮಾಡಿದ ಮೇಲೆ ಸಂಜೆಯ ನಂತರ ಈ ರಸ್ತೆಯಲ್ಲಿ ಯಾರೂ ಓಡಾಡುತ್ತಿರಲಿಲ್ಲ. ಚಿಕ್ಕಪ್ಪ ಕೌದಳ್ಳಿಯ ಶಾಲೆಯಲ್ಲಿ ಮೇಷ್ಟರಾಗಿದ್ದರು. ಕೊನೆಯ ಬಸ್ಸು ಬರುವವರೆಗೆ ಚಿಕ್ಕಮ್ಮ ಬಾಗಿಲಲ್ಲಿ ನಿಂತಿರುತ್ತಿದ್ದಳು. "ಹಡಗು ಹೋದವರು ಆರು ತಿಂಗಳಿಗೆ ಬರ್ತಾರೆ ಅಂತಲಾದರೂ ಇದೆ. ನನಗೆ ದಿನಾ ಸಂಜೆ ಅದೇ ಆಗಿತ್ತು" ಎಂದಳು. ಆಗ ಅಮ್ಮ ಮೆಲ್ಲಗೆ ಒಂದು ಮಾತು ಹೇಳಿದಳು. ಅದು ನಮಗೆ ಯಾರಿಗೂ ಗೊತ್ತಿರಲಿಲ್ಲ. 2020ರಲ್ಲಿ, ನಾನು ನಡುಗಡಲಿನಲ್ಲಿದ್ದಾಗ, ಅವಳು ಮಾದಪ್ಪನಿಗೆ ಹರಕೆ ಹೊತ್ತಿದ್ದಳು: ಮಗ ಸುಖವಾಗಿ ಬಂದರೆ ತಾಳಬೆಟ್ಟದಿಂದ ನಡೆದು ಬೆಟ್ಟ ಹತ್ತುತ್ತೇನೆ ಎಂದು. ನಾಲ್ಕು ವರ್ಷವಾದರೂ ತೀರಿರಲಿಲ್ಲ. ನಾನು ಬಂದಾಗಲೆಲ್ಲ ಏನಾದರೊಂದು ಅಡ್ಡ ಬರುತ್ತಿತ್ತು. ನಾನಿಲ್ಲದಾಗ ಹೋಗುವುದಕ್ಕೆ ಅವಳಿಗೆ ಮನಸ್ಸಿರಲಿಲ್ಲ.

ಅಮ್ಮನಿಗೆ ಅರವತ್ತೆರಡು, ಮಂಡಿ ನೋವು. ಅಪ್ಪ ವಿಜ್ಞಾನವನ್ನು ಹೇಳಿದರು, ತಂಗಿ ಡಾಕ್ಟರರನ್ನು ಹೇಳಿದಳು, ಅಳಿಯ ವ್ಯಾನನ್ನು ಹೇಳಿದರು. "ಹರಕೆ ಹೊತ್ತವಳು ನಾನು. ನೀವೆಲ್ಲ ವ್ಯಾನಿನಲ್ಲಿ ಬನ್ನಿ" ಎಂದು ಅಮ್ಮ ಮಾತನ್ನು ಮುಗಿಸಿದಳು. ನಾನು ಜೊತೆಗೆ ನಡೆಯುತ್ತೇನೆಂದೆ. ಹೆಂಡತಿ ತಾನೂ ಎಂದಳು. ತಾಯಿ ಹೊರಟಮೇಲೆ ಪುಟ್ಟಿ ಬಿಟ್ಟಾಳೆಯೇ?

ಬೆಳಕು ಹರಿಯುತ್ತಲೇ ತಾಳಬೆಟ್ಟದಿಂದ ಹೊರಟೆವು. ಹಿಂದೆ ಮುಂದೆ ನೂರಾರು ಜನ ನಡೆಯುತ್ತಿದ್ದರು. ‘ಉಘೇ ಉಘೇ ಮಾದಪ್ಪ’ ಎಂಬ ಕೂಗು ತಿರುವಿನಿಂದ ತಿರುವಿಗೆ ಹಾಯುತ್ತಿತ್ತು. ಮೊದಲ ಒಂದು ಗಂಟೆ ಪುಟ್ಟಿ ಎಲ್ಲರಿಗಿಂತ ಮುಂದೆ. ಆಮೇಲೆ ಕಲ್ಲು ಆರಿಸುತ್ತ ಹಿಂದೆ. ಆಮೇಲೆ ಅಮ್ಮನ ಸೊಂಟ. ಆನೆತಲೆದಿಂಬದ ಏರಿನಲ್ಲಿ ನನ್ನ ಹೆಂಡತಿಗೂ ಉಸಿರು ಸಾಲದಾಯಿತು, ಪುಟ್ಟಿಯನ್ನು ಕೆಳಗಿಳಿಸಿದಳು. ಅವಳು ರಸ್ತೆಯ ನಡುವೆ ನಿಂತು ಅಜ್ಜಿಯನ್ನು ನೋಡಿದಳು. ಅಜ್ಜಿ ಒಂದು ಕೈ ಮಂಡಿಯ ಮೇಲಿಟ್ಟುಕೊಂಡು ನಡೆಯುತ್ತಿದ್ದಳು. ತಾಯಿಯನ್ನು ನೋಡಿದಳು. ಕೊನೆಗೆ ನನ್ನತ್ತ ತಿರುಗಿ ಎರಡೂ ಕೈ ಮೇಲೆತ್ತಿದಳು. ಹೆಗಲ ಮೇಲೆ ಕೂರಿಸಿಕೊಂಡೆ. ಸ್ವಲ್ಪ ಹೊತ್ತು ಬಿಗಿಯಾಗಿ ಕುಳಿತಿದ್ದಳು. ಆಮೇಲೆ ನನ್ನ ಕೂದಲನ್ನು ಹಿಡಿದುಕೊಂಡಳು. ಆಮೇಲೆ ನನ್ನ ತಲೆಯ ಮೇಲೆ ತಲೆಯಿಟ್ಟು ನಿದ್ರೆಹೋದಳು. ನಿದ್ರೆಹೋದ ಮಗುವಿನ ಭಾರ ಹೆಚ್ಚೆಂದು ತಿಳಿದವರು ಹೇಳುತ್ತಾರೆ. ಬೆಟ್ಟದ ಮೇಲೆ 2023ರಲ್ಲಿ ಅನಾವರಣವಾದ 108 ಅಡಿಯ ಮಾದಪ್ಪನ ಪ್ರತಿಮೆ ಕಾಣುವ ಹೊತ್ತಿಗೆ ನನ್ನ ಕತ್ತು ಎಡಕ್ಕೂ ತಿರುಗುತ್ತಿರಲಿಲ್ಲ, ಬಲಕ್ಕೂ ತಿರುಗುತ್ತಿರಲಿಲ್ಲ.

ಅಮ್ಮ ಹತ್ತಿಬಿಟ್ಟಳು. ಎಲ್ಲೂ ಕುಳಿತುಕೊಳ್ಳಲಿಲ್ಲವೆಂಬುದು ಅವಳ ವಾದ. ಮೂರು ಸಲ ಕುಳಿತಳು. ದರ್ಶನವಾದ ಮೇಲೆ ಕಂಬಕ್ಕೊರಗಿ ಕಾಲು ನೀಡಿ, ಲಾಡು ಪ್ರಸಾದವನ್ನು ಮುರಿದು ಎಲ್ಲರ ಕೈಗೂ ಹಾಕಿದಳು. ಅವಳ ಮುಖದಲ್ಲಿ ಸಾಲ ತೀರಿಸಿದವರ ನೆಮ್ಮದಿಯಿತ್ತು.

ಸಂಜೆ ಕಂಸಾಳೆಯವರು ಸಂಕಮ್ಮನ ಕಥೆಯನ್ನು ಹಾಡುತ್ತಿದ್ದರು. ಸಂಕಮ್ಮನ ಗಂಡ ನೀಲೇಗೌಡ ಕಾಡಿಗೆ ಹೋಗುವ ಮುನ್ನ, ತಾನು ಬರುವವರೆಗೆ ಶೀಲದಿಂದಿರುವೆನೆಂದು ಬಲಗೈ ಭಾಷೆ ಕೊಡೆಂದು ಅವಳನ್ನು ಪೀಡಿಸುತ್ತಾನೆ. ಅವಳು ಕೊಡಲೊಲ್ಲಳು. ನಾನಾ ಹಿಂಸೆ ಕೊಟ್ಟು ಗುಡಿಸಲಿನಲ್ಲಿ ಕೂಡಿಹಾಕಿ ಹೋಗುತ್ತಾನೆ. ಮಾದಪ್ಪ ಬಂದು ಕಾಪಾಡುತ್ತಾನೆ. ಕಂಚಿನ ತಾಳಗಳ ಮಿಂಚು ನೋಡುತ್ತ ಕುಳಿತಿದ್ದ ನನ್ನ ಹೆಂಡತಿ ಎಂದಳು: "ಭಾಷೆ ಕೇಳಬೇಕಾದವಳು ಸಂಕಮ್ಮ ಅಲ್ಲವೇನ್ರೀ? ಯಾವ ದಿನ ಬರುತ್ತೀ ಅಂತ."

ಅವಳು ಜಗಳದ ದನಿಯಲ್ಲಿ ಹೇಳಲಿಲ್ಲ. ಆರು ವರ್ಷಗಳ ಸಂಸಾರದಲ್ಲಿ ಅವಳು ನನ್ನಿಂದ ಆ ಒಂದು ಮಾತನ್ನು ಕೇಳಿದ್ದು ಅದೇ ಮೊದಲು. ಕೊಳ್ಳೇಗಾಲಕ್ಕೆ ಹಿಂತಿರುಗಿದ ಮರುದಿನವೇ ಕಂಪನಿಗೆ ಬರೆದೆ: ಮುಂದಿನ ಒಪ್ಪಂದ ನಾಲ್ಕು ತಿಂಗಳದ್ದಾಗಬೇಕು, ಮುಂದುವರಿಸುವುದಿಲ್ಲವೆಂದು ಬರಹದಲ್ಲಿರಬೇಕು, ಇಲ್ಲವಾದರೆ ಬೇರೆಯವರನ್ನು ನೋಡಿಕೊಳ್ಳಬಹುದು. ನಾಲ್ಕು ದಿನ ಉತ್ತರವಿಲ್ಲ. ದಡದ ಮೇಲಿನ ಕೆಲಸಗಳ ಜಾಹೀರಾತುಗಳನ್ನು ಅಪ್ಪ ಪತ್ರಿಕೆಯಿಂದ ಕತ್ತರಿಸಿ ನನ್ನ ಮೇಜಿನ ಮೇಲಿಡತೊಡಗಿದರು. ಸಂಬಳ ಅರ್ಧಕ್ಕಿಂತ ಕಡಮೆ. ಐದನೆಯ ದಿನ ಐದು ತಿಂಗಳಿಗೆ ಒಪ್ಪಿ ಪತ್ರ ಬಂತು. ಅದನ್ನು ಹೆಂಡತಿಯ ಕೈಗೆ ಕೊಟ್ಟೆ. ಓದಿ, ಮಡಿಸಿ, ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಇಟ್ಟಳು.

ಇಪ್ಪತ್ತಮೂರನೆಯ ದಿನ ಹೊರಟೆ. ಮೂರನೆಯ ಸಂಜೆ ಹಡಗಿನಿಂದ ಕರೆ ಮಾಡಿದಾಗ ಪುಟ್ಟಿ ಎಂದಿನಂತೆ ಫೋನನ್ನು ಮುಖಕ್ಕೆ ತೀರ ಹತ್ತಿರ ಹಿಡಿದಿದ್ದಳು. ನನಗೆ ಕಂಡದ್ದು ಒಂದು ಕಣ್ಣು, ಅರ್ಧ ಮೂಗು.

"ಅಪ್ಪಾ, ಕತ್ತು ನೋವು ಹೋಯ್ತಾ?" ಎಂದಳು.

ಇನ್ನೂ ಸ್ವಲ್ಪ ಇದೆಯೆಂದು ಹೇಳಿದೆ. ಎಣ್ಣೆ ಹಚ್ಚಿಕೊಳ್ಳಬೇಕೆಂದು ಅವಳು ಅಪ್ಪಣೆ ಮಾಡಿದಳು.